ತೀರಿದ ಸಾಲವೂ ತಿರುವಿದ ಸಾಲವೂ: ನಿರ್ಮಾಣ ಸಂಸ್ಥೆಗಳ ವಾರ್ಷಿಕ ವರದಿಯ ಒಂದು ಓದು

ಕಾವ್ಯನಾಟಕಗಳನ್ನು ವಿಮರ್ಶಿಸುವಂತೆ ಒಂದು ವ್ಯಾಪಾರಿ ಸಂಸ್ಥೆಯ ವಾರ್ಷಿಕ ವರದಿಯನ್ನೂ ವಿಮರ್ಶೆಗೆ ಒಳಪಡಿಸಬಹುದೇ ಎಂಬ ಪ್ರಶ್ನೆ ಕೆಲವರಿಗೆ ವಿಚಿತ್ರವಾಗಿ ತೋರೀತು. ಆದರೆ ವರದಿಯೂ ಒಂದು ಬರವಣಿಗೆಯೇ. ಅದಕ್ಕೂ ಬರೆದವರಿದ್ದಾರೆ, ಓದುವವರಿದ್ದಾರೆ; ಹೇಳಬೇಕಾದುದನ್ನು ಮುಂದಿಟ್ಟು ಬೇಡವಾದುದನ್ನು ಹಿಂದಿನ ಪುಟಗಳ ಸಣ್ಣಕ್ಷರಕ್ಕೆ ತಳ್ಳುವ ಒಂದು ಶೈಲಿಯಿದೆ; ವರ್ಷವರ್ಷವೂ ಮರಳಿ ಬರುವ ನುಡಿಗಟ್ಟುಗಳಿವೆ. ಆ ನುಡಿಗಟ್ಟುಗಳಲ್ಲೆಲ್ಲ 'ಈ ವರ್ಷ ಇಷ್ಟು ಕೋಟಿ ಸಾಲವನ್ನು ಮರುಪಾವತಿ ಮಾಡಲಾಯಿತು' ಎಂಬದು ಅತ್ಯಂತ ಸುಲಭವಾಗಿ ನಂಬಿಕೆ ಗಳಿಸುವ ವಾಕ್ಯವೆಂದು ಹೇಳಬಹುದು. ಸಾಲ ತೀರಿಸುವವನು ಸಭ್ಯಸ್ಥನೆಂಬ ಸಂಸ್ಕಾರ ನಮ್ಮ ರಕ್ತದಲ್ಲಿಯೇ ಇರುವದರಿಂದ ಆ ವಾಕ್ಯವನ್ನು ಓದಿದ ಕೂಡಲೇ ನಮ್ಮ ವಿಮರ್ಶಕಬುದ್ಧಿ ವಿಶ್ರಾಂತಿಗೆ ಹೊರಡುತ್ತದೆ. ಅದು ಹಾಗೆ ಹೊರಡಬಾರದೆಂಬದನ್ನು ತೋರಿಸುವದೇ ಪ್ರಸ್ತುತ ಲೇಖನದ ಉದ್ದೇಶ.

ಇದು ಬರಿಯ ಪಾಂಡಿತ್ಯದ ಮಾತಲ್ಲ. ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ಅನೇಕರು ಇಂದು ತಮ್ಮ ಉಳಿತಾಯದ ಒಂದಂಶವನ್ನು ಶೇರುಗಳಲ್ಲಿ, ಸಾಲಪತ್ರಗಳಲ್ಲಿ ತೊಡಗಿಸಿದ್ದಾರೆ. ವಿದ್ಯಾರ್ಥಿಗಳೂ ಪದವಿ ಮುಗಿಯುವ ಮೊದಲೇ ಖಾತೆ ತೆರೆಯುತ್ತಿದ್ದಾರೆ. ನಿರ್ಮಾಣ ಸಂಸ್ಥೆಗಳ ಶೇರು ಇವರಿಗೆ ಪ್ರಿಯವಾದುದು. ಕಣ್ಣೆದುರಿಗೆ ಏಳುವ ಸೇತುವೆ, ರಸ್ತೆ, ಮಹಡಿಗಳು ಲೆಕ್ಕಪುಸ್ತಕಕ್ಕಿಂತ ಹೆಚ್ಚು ವಿಶ್ವಾಸ ಹುಟ್ಟಿಸುತ್ತವೆ. ಆದರೆ ಇಂಥ ಸಂಸ್ಥೆಗಳಲ್ಲಿ ಸಾಲವೆಂಬದು ಕಲ್ಲುಸಿಮೆಂಟುಗಳಷ್ಟೇ ಮುಖ್ಯವಾದ ಕಚ್ಚಾಸಾಮಗ್ರಿ. ಅದರ ಬರುಹೋಗುಗಳನ್ನು ಅರಿಯದೆ ಕಟ್ಟಡವನ್ನು ಅರಿತೆವೆನ್ನಲಾಗದು.

ವಿಷಯವನ್ನು ನಮ್ಮ ಸೀಮೆಯಿಂದಲೇ ಆರಂಭಿಸುವದು ಒಳ್ಳೆಯದು. ಧಾರವಾಡದಿಂದ ಉತ್ತರಕ್ಕೆ ಉಪ್ಪಿನಬೆಟಗೇರಿಯ ಕಡೆಗೆ ಹೊರಟರೆ ಹತ್ತಿ, ಜೋಳ, ಕಡಲೆ ಬೆಳೆಯುವ ಎರಿಭೂಮಿ ಸಿಗುತ್ತದೆ. ಈ ನೆಲದ ಒಕ್ಕಲಿಗನಿಗೆ ಸಾಲ ತೀರಿಸುವದಕ್ಕೂ ಸಾಲ ತಿರುವುವದಕ್ಕೂ ಇರುವ ಭೇದವನ್ನು ಯಾವ ಪ್ರಾಧ್ಯಾಪಕನೂ ಕಲಿಸಬೇಕಾಗಿಲ್ಲ. ಪ್ರಾಥಮಿಕ ಸಹಕಾರಿ ಸಂಘಗಳ ಮೂಲಕ ಬರುವ ಅಲ್ಪಾವಧಿ ಬೆಳೆಸಾಲಕ್ಕೆ ಕರ್ನಾಟಕದಲ್ಲಿ 3 ಲಕ್ಷ ರೂಪಾಯಿಯವರೆಗೆ ಬಡ್ಡಿಯಿರಲಿಲ್ಲ. 2023ರಲ್ಲಿ ಈ ಮಿತಿಯನ್ನು 5 ಲಕ್ಷಕ್ಕೆ ಏರಿಸಲಾಯಿತು. ಆದರೆ ಈ ಸವಲತ್ತು ಗಡುವಿನೊಳಗೆ ಅಸಲು ಕಟ್ಟಿದವನಿಗೆ ಮಾತ್ರ. ಗಡುವು ಸಮೀಪಿಸಿದಾಗ ಮಾಲು ಇನ್ನೂ ಮಾರಿಲ್ಲ, ಕೈಯಲ್ಲಿ ರೊಕ್ಕವಿಲ್ಲ. ಆಗ ಎರಿನಾಡಿನ ಊರೂರಲ್ಲಿ ನಡೆಯುವದೇನು? ನಾಲ್ಕೆಂಟು ದಿನಗಳ ಮಟ್ಟಿಗೆ ಪರಿಚಯದವರಲ್ಲಿ ಕೈಗಡ ಎತ್ತಿ ಸಂಘಕ್ಕೆ ಕಟ್ಟುವದು. ಸಂಘದಿಂದ ಹೊಸ ಸಾಲ ಮಂಜೂರಾದೊಡನೆ ಕೈಗಡವನ್ನು ಹಿಂದಿರುಗಿಸುವದು. ವಸೂಲಾತಿಯ ಪುಸ್ತಕದಲ್ಲಿ ಸಾಲ ಪೂರ್ಣವಾಗಿ ಸಂದಿದೆ. ಒಕ್ಕಲಿಗನ ಮನೆಯಲ್ಲಿ ಅದು ಹಿಂದಿನಷ್ಟೇ ಇದೆ, ಕೈಗಡದ ಬಡ್ಡಿಯಷ್ಟು ಹೆಚ್ಚಾಗಿಯೂ ಇದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲವೆಂಬದನ್ನು ಗಮನಿಸಬೇಕು. ಪುಸ್ತಕದ ಪ್ರತಿಯೊಂದು ಅಂಕಿಯೂ ಸತ್ಯ. ಆದರೆ ಆ ಅಂಕಿ ಉತ್ತರಿಸುವ ಪ್ರಶ್ನೆಯೇ ಬೇರೆ, ನಾವು ಕೇಳಬೇಕಾದ ಪ್ರಶ್ನೆಯೇ ಬೇರೆ.

ಸಹಕಾರಿ ಪತ್ತಿನ ಚರಿತ್ರೆ ಬಲ್ಲವರಿಗೆ 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಹಿನ್ನೆಲೆ ನೆನಪಿರಬಹುದು. ಸಾಹುಕಾರನ ಕಾಗದದಿಂದ ಒಕ್ಕಲಿಗನನ್ನು ಬಿಡಿಸುವದೇ ಆ ಕಾಲದ ಸಹಕಾರಿ ಚಳುವಳಿಯ ಗುರಿ. ಆ ಕಾಗದದ ಬಗೆ ಎಂಥದು? 1859ರ ಕಾಲಮಿತಿ ಕಾಯದೆಯ ನಂತರ ಸಾಲಪತ್ರಕ್ಕೆ ಮೂರು ವರ್ಷಗಳ ಆಯುಷ್ಯವೆಂದಾಯಿತು. ಒಕ್ಕಲಿಗನಿಗೆ ಅನುಕೂಲವಾಗಲೆಂದು ಮಾಡಿದ ಈ ನಿಯಮದ ಪರಿಣಾಮ ತಿರುಗುಮುರುಗಾಯಿತು. ಮೂರು ವರ್ಷ ಮುಗಿಯುವ ಹೊತ್ತಿಗೆ ಸಾಹುಕಾರನು ಹಳೆಯ ಕಾಗದವನ್ನು ಹರಿದು, ತೀರದ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಕಾಗದ ಬರೆಯಿಸಿಕೊಳ್ಳತೊಡಗಿದನು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ಎದ್ದ ದಂಗೆಯ ಕಾರಣಗಳನ್ನು ವಿಚಾರಿಸಿದವರು ಈ ನವೀಕರಣದ ಪದ್ಧತಿಯನ್ನು ವಿಶೇಷವಾಗಿ ಎತ್ತಿ ಹೇಳಿದರು. 1879ರ ದಖ್ಖಣ ಕೃಷಿಕರ ಪರಿಹಾರ ಕಾಯದೆಯು ಸೋಲಾಪುರವನ್ನೂ ಒಳಗೊಂಡು ನಾಲ್ಕು ಜಿಲ್ಲೆಗಳಿಗೆ ಮೊದಲು ಅನ್ವಯಿಸಿತು. ಹರಿದ ಕಾಗದದ ದೃಷ್ಟಿಯಿಂದ ನೋಡಿದರೆ ಸಾಲ ತೀರಿದೆ. ಹೊಸ ಕಾಗದದ ದೃಷ್ಟಿಯಿಂದ ನೋಡಿದರೆ ಬೆಳೆದಿದೆ. ಈ ಉದಾಹರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ದೊಡ್ಡ ಸಂಸ್ಥೆಗಳ ಲೆಕ್ಕಕ್ಕೆ ಬರೋಣ.

ವಾರ್ಷಿಕ ವರದಿಯಲ್ಲಿ ಸಾಲದ ಸುದ್ದಿ ಎರಡು ಕಡೆ ಬರುತ್ತದೆ. ಅಢಾವೆ ಪತ್ರಿಕೆಯಲ್ಲಿ ವರ್ಷದ ಕೊನೆಯ ದಿನ ಉಳಿದ ಸಾಲ ಕಾಣುತ್ತದೆ. ನಗದು ಹರಿವಿನ ತಃಖ್ತೆಯಲ್ಲಿ ವರ್ಷದುದ್ದಕ್ಕೂ ಎತ್ತಿದ ಸಾಲ, ಕಟ್ಟಿದ ಸಾಲ ಬೇರೆಬೇರೆಯಾಗಿ ಕಾಣುತ್ತವೆ. ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳೋಣ. ಒಂದು ಸಂಸ್ಥೆಯ ಸಾಲ ವರ್ಷಾರಂಭದಲ್ಲಿ 1,000 ಕೋಟಿ. ವರ್ಷದಲ್ಲಿ ಕಟ್ಟಿದ್ದು 800 ಕೋಟಿ; ಹೊಸದಾಗಿ ಎತ್ತಿದ್ದು 760 ಕೋಟಿ. ಬಡ್ಡಿ 120 ಕೋಟಿ ಆಗಬೇಕು. ನಗದಾಗಿ ಕೊಟ್ಟದ್ದು 30 ಕೋಟಿ, ಉಳಿದ 90 ಕೋಟಿಯನ್ನು ಬ್ಯಾಂಕಿನ ಒಪ್ಪಿಗೆಯಿಂದ ಅಸಲಿಗೆ ಸೇರಿಸಲಾಯಿತು. ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ನಗದು 70 ಕೋಟಿ. ವರ್ಷಾಂತ್ಯದಲ್ಲಿ ಸಾಲ 1,050 ಕೋಟಿ. ಅಧ್ಯಕ್ಷರ ಪತ್ರದಲ್ಲಿ '800 ಕೋಟಿ ಮರುಪಾವತಿ' ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ಆ ಸಂಸ್ಥೆ ಸ್ವಂತ ದುಡಿಮೆಯಿಂದ ತೀರಿಸಿದ ಅಸಲು 40 ಕೋಟಿ ಮಾತ್ರ. ಅದೇ ವರ್ಷದಲ್ಲಿ ಕೊಡಲಾರದೆ ಸಾಲಕ್ಕೆ ಕೂಡಿಸಿದ ಬಡ್ಡಿ ಅದರ ಎರಡು ಪಟ್ಟಿಗಿಂತ ಹೆಚ್ಚು. ದಖ್ಖಣದ ಸಾಹುಕಾರನ ಹೊಸ ಕಾಗದವೇ ಇದು, ಕೇವಲ ಕಾಗದ ಒಳ್ಳೆಯದು.

ಇದನ್ನು ಕಂಡುಹಿಡಿಯುವ ಉಪಾಯವೂ ವರದಿಯಲ್ಲಿಯೇ ಇದೆ. ಭಾರತೀಯ ಲೆಕ್ಕಪತ್ರ ಮಾನಕ 7ಕ್ಕೆ 2017ರ ಏಪ್ರಿಲ್‌ನಿಂದ ಬಂದ ತಿದ್ದುಪಡಿಯ ಪ್ರಕಾರ, ಆರಂಭದ ಸಾಲದಿಂದ ಅಂತ್ಯದ ಸಾಲಕ್ಕೆ ಹೇಗೆ ಬಂದೆವೆಂಬದನ್ನು, ನಗದಿನ ಬದಲಾವಣೆಗಳನ್ನೂ ನಗದಲ್ಲದವನ್ನೂ ಬೇರ್ಪಡಿಸಿ ತೋರಿಸತಕ್ಕದ್ದು. ಈ ಚಿಕ್ಕ ಕೋಷ್ಟಕವು ಟಿಪ್ಪಣಿಗಳ ನಡುವೆ ಎಲ್ಲಿಯೋ ಅಡಗಿರುತ್ತದೆ. ಅಧ್ಯಕ್ಷರ ಪತ್ರವನ್ನು ಬಿಟ್ಟು ನೇರವಾಗಿ ಇದನ್ನೇ ಓದಿದರೆ ಅರ್ಧ ಕೆಲಸ ಮುಗಿದಂತೆ. ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ, ಬೇಗಬೇಗ ತಿರುಗುವ ಸಾಲಗಳನ್ನು ನಿವ್ವಳವಾಗಿ ತೋರಿಸಲು ಮಾನಕವು ಅನುಮತಿಸಿದೆ. ಒಂದೇ ಬಗೆಯ ಸಾಲವನ್ನು ಒಬ್ಬರು ಒಟ್ಟಾಗಿ, ಇನ್ನೊಬ್ಬರು ನಿವ್ವಳವಾಗಿ ಬರೆದಾಗ ಅವರಿಬ್ಬರ 'ಮರುಪಾವತಿ'ಗಳನ್ನು ಹೋಲಿಸುವದು ಸೇರನ್ನೂ ಗಜವನ್ನೂ ಹೋಲಿಸಿದಂತೆ. ಪತ್ರಿಕೆಗಳ ವಾಣಿಜ್ಯಪುಟಗಳಲ್ಲಿ ಇಂಥ ಹೋಲಿಕೆಗಳು ಧಾರಾಳವಾಗಿ ಕಾಣಬರುತ್ತವೆ.

ನಿರ್ಮಾಣ ಉದ್ಯಮಕ್ಕೆ ಇನ್ನೊಂದು ವಿಶೇಷವಿದೆ. ಬಟ್ಟೆಯ ಗಿರಣಿಯು ಮಾಲು ಮಾರಿ ಹಣ ಪಡೆಯುತ್ತದೆ. ಗುತ್ತಿಗೆದಾರ ಸಂಸ್ಥೆಯು ಕೆಲಸ ಮಾಡಿ, ಅಳತೆ ಮಾಡಿಸಿ, ಬಿಲ್ಲು ಸಲ್ಲಿಸಿ, ಬಿಲ್ಲಿನಲ್ಲಿ ಒಂದು ಭಾಗವನ್ನು ಕೆಲಸದ ಭದ್ರತೆಗೆಂದು ತಡೆಹಿಡಿಸಿಕೊಂಡು, ಉಳಿದುದಕ್ಕಾಗಿ ಕಾಯುತ್ತದೆ. ಕೆಲಸ ಆರಂಭವಾಗುವ ಮುನ್ನ ಮಾಲೀಕ ಇಲಾಖೆಯಿಂದ ಮುಂಗಡ ಬರುತ್ತದೆ. ಅದು ಪ್ರತಿ ಬಿಲ್ಲಿನಲ್ಲಿ ಕಡಿತವಾಗಿ ತೀರಬೇಕು. ಸ್ವರೂಪದಲ್ಲಿ ಇದೂ ಸಾಲವೇ, ಅನೇಕ ಕರಾರುಗಳಲ್ಲಿ ಬಡ್ಡಿಯೂ ಉಂಟು. ಆದರೆ ಅಢಾವೆ ಪತ್ರಿಕೆಯಲ್ಲಿ ಅದರ ಹೆಸರು ಸಾಲವೆಂದಿಲ್ಲ. ಹೊಸ ಗುತ್ತಿಗೆಯ ಮುಂಗಡ ಕೈಸೇರಿದ ತಿಂಗಳು ಬ್ಯಾಂಕಿನ ಸಾಲ ಇಳಿಯುವದು ಸಹಜ. ಖಡಿ ಒಡೆಯುವ ಕ್ರಶರಿನವನಿಗೆ, ಮುರುಮು ಹೊತ್ತು ತರುವ ಟಿಪ್ಪರಿನವನಿಗೆ ಕೊಡಬೇಕಾದುದನ್ನು ಎರಡು ತಿಂಗಳು ಮುಂದೂಡಿದರೂ ಬ್ಯಾಂಕಿನ ಸಾಲ ಇಳಿಯುತ್ತದೆ. ಇಂಥ ಕಡೆ ಸಾಲ ತೀರಿಸಿದವನು ಸಂಸ್ಥೆಯೋ, ಹಣಕ್ಕಾಗಿ ಕಾಯುತ್ತಿರುವ ಟಿಪ್ಪರಿನವನೋ? ಪೂರೈಕೆದಾರರ ಬಾಕಿ ಏರುತ್ತ ಬ್ಯಾಂಕಿನ ಸಾಲ ಇಳಿಯುತ್ತ ಹೋದ ವರ್ಷಗಳನ್ನು ಹೂಡಿಕೆದಾರನು ವಿಶೇಷ ಎಚ್ಚರದಿಂದ ಓದತಕ್ಕದ್ದು.

ಈಗ ಒಂದು ನಿಜವಾದ ಚರಿತ್ರೆಯನ್ನು ತುಸು ವಿಸ್ತಾರವಾಗಿ ನೋಡಬಹುದು. ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿಯನ್ನು 1926ರಲ್ಲಿ ಸ್ಥಾಪಿಸಿದ ವಾಲಚಂದ ಹಿರಾಚಂದರು 1882ರಲ್ಲಿ ಸೋಲಾಪುರದಲ್ಲಿ ಹುಟ್ಟಿದವರು. ಕನ್ನಡ ಕಿವಿಗೆ ಬೀಳುವ ಆ ಗಡಿಜಿಲ್ಲೆಯ ಮನುಷ್ಯ 1940ರಲ್ಲಿ ಮೈಸೂರು ಸರಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರಖಾನೆ ಆರಂಭಿಸಿದ್ದರಿಂದ ನಮ್ಮವರಿಗೆ ದೂರದವರಲ್ಲ. ಭೋರ್ ಘಾಟಿನ ರೈಲುಸುರಂಗಗಳಿಂದ ಹಿಡಿದು ಫರಕ್ಕಾ ಬಂಧಾರದವರೆಗೆ, 2009ರಲ್ಲಿ ಸಂಚಾರಕ್ಕೆ ತೆರೆದ ಮುಂಬಯಿಯ ಬಾಂದ್ರಾ–ವರಳಿ ಕಡಲಸೇತುವೆಯವರೆಗೆ ಈ ಕಂಪನಿಯ ಕೆಲಸಗಳು ದೊಡ್ಡವು. ಅದರ ಸಾಲದ ಕಥೆಯೂ ಅಷ್ಟೇ ದೊಡ್ಡದು, ಮತ್ತು ಎಲ್ಲವೂ ಬಹಿರಂಗ ದಾಖಲೆಯಲ್ಲಿರುವಂಥದು.

ಪುಣೆಯ ಹತ್ತಿರದ ಗುಡ್ಡಗಳಲ್ಲಿ ಲವಾಸಾ ಎಂಬ ನಗರ ಕಟ್ಟುವ ಯೋಜನೆಗೆ 2010ರ ನವೆಂಬರಿನಲ್ಲಿ ಕೇಂದ್ರ ಪರಿಸರ ಮಂತ್ರಾಲಯವು ತಡೆಯೊಡ್ಡಿತು. ಅನುಮತಿ ಬರಲು ಒಂದು ವರ್ಷ ಹಿಡಿಯಿತು. ಇತ್ತ ಸರಕಾರಿ ಸಂಸ್ಥೆಗಳಿಂದ ಬರಬೇಕಾದ ಬಾಕಿಗಳು ವ್ಯಾಜ್ಯದಲ್ಲಿ ಸಿಕ್ಕಿಕೊಂಡವು. 2012ರಲ್ಲಿ ಕಂಪನಿಯ ಸಾಲಗಳನ್ನು ಬ್ಯಾಂಕುಗಳು ಪುನರ್ರಚಿಸಿದವು. ಪುನರ್ರಚನೆಯೆಂದರೆ ಕಂತುಗಳ ದಿನಾಂಕಗಳನ್ನು ಮುಂದೂಡುವದು. ಇದರ ಪರಿಣಾಮವಾಗಿ ಕೆಲ ವರ್ಷ ಮರುಪಾವತಿಯ ಸಾಲು ಚಿಕ್ಕದಾಗಿ ಕಾಣುವದು ಸ್ವಾಭಾವಿಕ. ಅದರಿಂದ ಭಾರ ಕಡಿಮೆಯಾಯಿತೆಂದು ತಿಳಿಯುವದು ತಪ್ಪು. 2016ರ ಜೂನಿನಲ್ಲಿ ರಿಝರ್ವ್ ಬ್ಯಾಂಕು ಇನ್ನೊಂದು ಯೋಜನೆ ತಂದಿತು. ಸಾಲವನ್ನು 'ತಾಳಬಲ್ಲದ್ದು', 'ತಾಳಲಾರದ್ದು' ಎಂದು ಎರಡು ಭಾಗ ಮಾಡಿ, ಎರಡನೆಯದನ್ನು ಶೇರುಗಳನ್ನಾಗಿ ಅಥವಾ ಪರಿವರ್ತನೀಯ ಸಾಲಪತ್ರಗಳನ್ನಾಗಿ ಮಾರ್ಪಡಿಸುವ ಯೋಜನೆಯದು. 2016–17ರಲ್ಲಿ ಈ ಕಂಪನಿಯ ಸಾಲಕ್ಕೂ ಅದನ್ನು ಅನ್ವಯಿಸಲಾಯಿತು. ಸಾಲ ಇಳಿಯಿತು, ಒಂದು ರೂಪಾಯಿಯೂ ಕೈಬದಲಾಗಲಿಲ್ಲ. ಇಳಿದ ಸಾಲದ ಬೆಲೆಯನ್ನು ತೆತ್ತವನು ಹಳೆಯ ಶೇರುದಾರ, ಏಕೆಂದರೆ ಅವನ ಪಾಲು ಅಷ್ಟರಮಟ್ಟಿಗೆ ತೆಳುವಾಯಿತು.

ಅದೇ 2016ರ ಆಗಸ್ಟ್ 31ರಂದು ಕೇಂದ್ರ ಮಂತ್ರಿಮಂಡಲದ ಆರ್ಥಿಕ ಸಮಿತಿಯು ಕೈಗೊಂಡ ನಿರ್ಣಯ ಬಹು ಸ್ವಾರಸ್ಯದ್ದು. ಪಂಚಾಯ್ತಿಯಲ್ಲಿ ಗುತ್ತಿಗೆದಾರ ಗೆದ್ದಿದ್ದು, ಸರಕಾರಿ ಸಂಸ್ಥೆಯು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರೆ, ತೀರ್ಪಿನ ಮೊತ್ತದ ಶೇಕಡಾ 75ನ್ನು ಬ್ಯಾಂಕ್ ಗ್ಯಾರಂಟಿಯ ಮೇಲೆ ಮೊದಲೇ ಕೊಡಬೇಕು. ಆ ಹಣ ಮೊದಲು ಬ್ಯಾಂಕಿನ ಸಾಲಕ್ಕೆ, ಬಳಿಕ ಯೋಜನೆಗಳ ಕೆಲಸಕ್ಕೆ ಸಲ್ಲಬೇಕು. ಉದ್ಯಮಕ್ಕೆ ಇದರಿಂದ ಉಸಿರು ಬಂದಿತೆಂಬದು ನಿಜ. ಆದರೆ ವಿಮರ್ಶಕನು ಇಲ್ಲಿ ತಡೆದು ನಿಲ್ಲಬೇಕು. ನಗದು ಸಾಲವು ತೀರಿತು. ಅದರ ಜಾಗದಲ್ಲಿ ಬ್ಯಾಂಕ್ ಗ್ಯಾರಂಟಿಯೆಂಬ ಸಂಭಾವ್ಯ ಹೊಣೆ ಹುಟ್ಟಿತು. ನ್ಯಾಯಾಲಯದಲ್ಲಿ ಮುಂದೆ ಸೋತರೆ ಆ ಹಣ ಹಿಂದಿರುಗಿಸತಕ್ಕದ್ದು. ಅಢಾವೆ ಪತ್ರಿಕೆಯ ಮುಖದ ಮೇಲಿದ್ದ ಋಣವು ಟಿಪ್ಪಣಿಯ ಸಣ್ಣಕ್ಷರಕ್ಕೆ ಇಳಿಯಿತು. 'ಇಳಿಯಿತು' ಎಂಬ ಕ್ರಿಯಾಪದಕ್ಕೆ ಇಲ್ಲಿ ಎರಡು ಅರ್ಥವಿದೆಯೆಂದು ವ್ಯಾಕರಣದ ಅಧ್ಯಾಪಕರು ಹೇಳಿಯಾರು.

ಪಂಚಾಯ್ತಿ ತೀರ್ಪಿನ ಕಾಯದೆಯ ಇತಿಹಾಸವನ್ನು ತಿಳಿಯದೆ ಈ ಕಂಪನಿಯ ಲೆಕ್ಕವನ್ನು ಓದುವಂತಿಲ್ಲ. 1996ರ ಮೂಲ ಕಾಯದೆಯಲ್ಲಿ ತೀರ್ಪನ್ನು ಪ್ರಶ್ನಿಸಿ ಅರ್ಜಿ ಹಾಕಿದ ಮಾತ್ರಕ್ಕೆ ಹಣ ಕೊಡುವದು ತಾನಾಗಿ ನಿಲ್ಲುತ್ತಿತ್ತು. 2015ರ ತಿದ್ದುಪಡಿಯು ಈ ಸ್ವಯಂಚಾಲಿತ ತಡೆಯನ್ನು ತೆಗೆಯಿತು. 2019ರಲ್ಲಿ ಸೇರಿಸಿದ 87ನೆಯ ಕಲಮು ಹಳೆಯ ಪ್ರಕರಣಗಳಿಗೆ ಅದನ್ನು ಮರಳಿ ತಂದಿತು. ಅದನ್ನು ಪ್ರಶ್ನಿಸಿದ್ದು ಇದೇ ಹಿಂದುಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ. 2019ರ ನವೆಂಬರ್ 27ರಂದು ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ರದ್ದುಗೊಳಿಸಿತು. ಒಂದು ಸಂಸ್ಥೆಯ ಸಾಲತೀರಿಕೆಯ ಶಕ್ತಿಯು ಅದರ ಇಂಜಿನಿಯರುಗಳ ಕೌಶಲ್ಯಕ್ಕಿಂತ ಒಂದು ಕಲಮಿನ ಅಳಿವು ಉಳಿವನ್ನು ಹೆಚ್ಚಾಗಿ ಅವಲಂಬಿಸಿರಬಹುದೆಂಬದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಕಾಯದೆಯ ತರಗತಿಯಲ್ಲಿಯೂ ಒಮ್ಮೊಮ್ಮೆ ಕೂಡ್ರಬೇಕೆಂದು ನಾನು ಹೇಳುವದು ಈ ಕಾರಣಕ್ಕಾಗಿ.

ಮುಂದಿನ ಅಧ್ಯಾಯ 2022ರದು. ಸಾಲದಾತರ ಒಪ್ಪಿಗೆಯೊಡನೆ 2,800 ಕೋಟಿ ರೂಪಾಯಿಗೂ ಮಿಕ್ಕಿದ ಸಾಲವನ್ನು, ಬರಬೇಕಾದ ತೀರ್ಪಿನ ಹಣ ಮತ್ತು ಹಕ್ಕುಸಾಧನೆಗಳ ಸಹಿತವಾಗಿ ಪ್ರಾಲಿಫಿಕ್ ರೆಸಲ್ಯೂಶನ್ ಎಂಬ ಬೇರೊಂದು ಕಂಪನಿಗೆ ವರ್ಗಾಯಿಸಲಾಯಿತು. ತರ್ಕ ಸರಳ: ವ್ಯಾಜ್ಯದ ಹಣದಿಂದ ವ್ಯಾಜ್ಯದ ಸಾಲ ತೀರಲಿ, ನಡೆಯುವ ಕೆಲಸಗಳಿಗೆ ಅದರ ಹೊರೆ ಬೇಡ. ಈ ವ್ಯವಸ್ಥೆಯಲ್ಲಿ ಒಂದು ವಿವೇಕವಿದೆಯೆಂದೇ ನನ್ನ ಅಭಿಪ್ರಾಯ. ಬೇಯುವ ಅಡಿಗೆಯನ್ನೂ ಹಳಸಿದ ಅಡಿಗೆಯನ್ನೂ ಒಂದೇ ಪಾತ್ರೆಯಲ್ಲಿಡುವದಕ್ಕಿಂತ ಇದು ಮೇಲು. ಆದರೆ ಓದುಗನು ಕೇಳಬೇಕಾದ ಪ್ರಶ್ನೆ ಬೇರೆ. ಹೊರಗೆ ಹೋದ ಸಾಲಕ್ಕೆ ಮೂಲ ಕಂಪನಿಯು ಜಾಮೀನು ನಿಂತಿದೆಯೇ? ನಿಂತಿತ್ತು. ಮಗನಿಗೆ ಮನೆ ಪಾಲು ಮಾಡಿಕೊಟ್ಟ ತಂದೆಯು ಮಗನ ಸಾಲದ ಕಾಗದಕ್ಕೆ ಜಾಮೀನು ಸಹಿ ಹಾಕಿದರೆ ಬಾಗಿಲು ಎರಡಾದವೇ ಹೊರತು ಋಣ ಎರಡಾಗಲಿಲ್ಲ. ಹೀಗಿರಲು ಆ ವರ್ಷದ ಸಾಲದ ಇಳಿಕೆಯನ್ನು 'ಮರುಪಾವತಿ'ಯ ಖಾತೆಗೆ ಬರೆದುಕೊಂಡು ಮೆಚ್ಚಿದ ವ್ಯಾಖ್ಯಾನಗಳು ಅವಸರದವು. ವರ್ಗಾವಣೆಯಾದದ್ದೆಷ್ಟು, ಜಾಮೀನಿನಲ್ಲಿ ಉಳಿದದ್ದೆಷ್ಟು, ವರ್ಷವರ್ಷವೂ ಆ ಜಾಮೀನು ಕರಗುತ್ತಿದೆಯೇ ಎಂಬದನ್ನು ಬೇರೆಬೇರೆಯಾಗಿ ಬರೆದುಕೊಂಡಾಗ ಮಾತ್ರ ಚಿತ್ರ ಪೂರ್ಣವಾಗುತ್ತದೆ.

ಅನಂತರ 2023ರಲ್ಲಿ ಬಹರಂಪುರ–ಫರಕ್ಕಾ ಹೆದ್ದಾರಿಯ ಘಟಕವನ್ನು ಕಂಪನಿ ಮಾರಿತು. 2024ರಲ್ಲಿ ಹಕ್ಕಿನ ಶೇರುಗಳಿಂದ 350 ಕೋಟಿ, ಅದೇ ವರ್ಷದ ಡಿಸೆಂಬರಿನಲ್ಲಿ ಸಾಂಸ್ಥಿಕ ಹೂಡಿಕೆದಾರರಿಂದ 600 ಕೋಟಿ ಎತ್ತಿತು. ಹಕ್ಕಿನ ಶೇರಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಈಗಿರುವ ಶೇರುದಾರನಿಗೆ ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಹೊಸ ಶೇರು ಕೊಡುವದನ್ನು ಅನೇಕರು ಬಹುಮಾನವೆಂದೇ ಭಾವಿಸುತ್ತಾರೆ. ಆ ಹಣ ಸಾಲಕ್ಕೆ ಸಂದಾಗ ಸಾಲ ತೀರಿಸಿದವನು ಆ ಶೇರುದಾರನೇ. ತನ್ನ ಎಡಗಿಸೆಯಿಂದ ಕೊಟ್ಟುದನ್ನು ಬಲಗಿಸೆಗೆ ಬಂದ ಲಾಭವೆಂದು ಎಣಿಸಲಾಗದು.

ಬೆಂಗಳೂರಿನ ಮನೆಕಟ್ಟುವ ಸಂಸ್ಥೆಗಳಲ್ಲಿ ಈ ಕಥೆ ಬೇರೊಂದು ರೂಪ ತಾಳುತ್ತದೆ. ಪ್ರೆಸ್ಟೀಜ್ ಸಂಸ್ಥೆಯು 2020–21ರಲ್ಲಿ ತನ್ನ ಬಾಡಿಗೆ ಕಟ್ಟಡಗಳ ದೊಡ್ಡ ಪಾಲನ್ನು ಬ್ಲ್ಯಾಕ್‌ಸ್ಟೋನ್ ಎಂಬ ಅಮೇರಿಕೆಯ ಹೂಡಿಕೆ ಸಂಸ್ಥೆಗೆ ಸುಮಾರು 9,160 ಕೋಟಿ ರೂಪಾಯಿಗಳ ಮೌಲ್ಯಕ್ಕೆ ಮಾರಿತು. ನಿವ್ವಳ ಸಾಲ ಒಮ್ಮೆಲೇ ಕುಸಿಯಿತು. ಬಾಡಿಗೆಯ ಆದಾಯದ ಮೇಲೆ ಎತ್ತಿದ ಸಾಲವು ಕಟ್ಟಡದ ಜೊತೆಯಲ್ಲಿಯೇ ಹೊರಟುಹೋಗುವದು ಇಂಥ ವ್ಯವಹಾರಗಳ ಸ್ವಭಾವ. ಅದರೊಡನೆ ಬಾಡಿಗೆಯೂ ಹೊರಟುಹೋಗುತ್ತದೆ. ಹೊಲ ಮಾರಿ ಸಾಲ ತೀರಿಸಿದವನನ್ನು ಊರು ದೂಷಿಸುವದಿಲ್ಲ. ಆದರೆ ಮುಂದಿನ ಸುಗ್ಗಿಯಲ್ಲಿ ಆ ಹೊಲದ ಕಾಳನ್ನು ಅವನ ಕಣಜದಲ್ಲಿ ಹುಡುಕುವದೂ ಇಲ್ಲ. ಕಟ್ಟುವ ಕೆಲಸ ಮುಂದುವರಿದಂತೆ ಹೊಸ ಬಂಡವಾಳವೂ ಬೇಕಾಯಿತು. 2024ರ ಸೆಪ್ಟೆಂಬರಿನಲ್ಲಿ ಸಂಸ್ಥೆಯು ಸಾಂಸ್ಥಿಕ ಹೂಡಿಕೆದಾರರಿಂದ 5,000 ಕೋಟಿ ಎತ್ತಿತು. ಶೋಭಾ ಸಂಸ್ಥೆಯು 2006ರಲ್ಲಿ ಸಾರ್ವಜನಿಕರಿಗೆ ಶೇರು ನೀಡಿ, 2008ರ ಜಾಗತಿಕ ಮುಗ್ಗಟ್ಟಿನ ಬಳಿಕ 2009ರಲ್ಲಿ ಮತ್ತೆ ಬಂಡವಾಳ ಎತ್ತಿತು. 2024ರ ಸುಮಾರು 2,000 ಕೋಟಿಯ ಹಕ್ಕಿನ ಶೇರುಗಳ ಉದ್ದೇಶಗಳಲ್ಲಿಯೂ ಸಾಲ ತೀರಿಕೆ ಒಂದು.

ಇಲ್ಲಿ ಮನೆ ಕೊಳ್ಳುವವರ ಮುಂಗಡವನ್ನು ಮರೆಯಬಾರದು. 2016ರ ಸ್ಥಿರಾಸ್ತಿ ಕಾಯದೆಯ ಪ್ರಕಾರ ಕೊಳ್ಳುವವರಿಂದ ಬಂದ ಹಣದ ಶೇಕಡಾ 70ನ್ನು ಆಯಾ ಯೋಜನೆಯ ಪ್ರತ್ಯೇಕ ಖಾತೆಯಲ್ಲಿಟ್ಟು ಅದರ ಭೂಮಿ ಮತ್ತು ಕಟ್ಟಡದ ವೆಚ್ಚಕ್ಕೇ ಬಳಸಬೇಕು. ಒಂದು ಯೋಜನೆಯ ಗ್ರಾಹಕರ ಹಣದಿಂದ ಇನ್ನೊಂದು ಯೋಜನೆಯ ಸಾಲ ತೀರಿಸುವ ಹಳೆಯ ರೂಢಿಗೆ ಇದು ಕಡಿವಾಣ. ಅದಕ್ಕೂ ಮಹತ್ವದ್ದೆಂದರೆ 2018ರಲ್ಲಿ ದಿವಾಳಿ ಸಂಹಿತೆಗೆ ತಂದ ತಿದ್ದುಪಡಿ. ಮನೆ ಕೊಳ್ಳುವವನ ಮುಂಗಡಕ್ಕೆ ಸಾಲದ ವಾಣಿಜ್ಯ ಪರಿಣಾಮವಿದೆಯೆಂದು ಹೇಳಿ ಕಾಯದೆಯು ಅವನನ್ನು ಹಣಕಾಸಿನ ಸಾಲದಾತರ ಸಾಲಿನಲ್ಲಿ ಕೂಡ್ರಿಸಿತು. ಸಂಹಿತೆಯ ಕಣ್ಣಿಗೆ ಸಾಲವಾದದ್ದು ಅಢಾವೆ ಪತ್ರಿಕೆಯ ಕಣ್ಣಿಗೆ 'ಗ್ರಾಹಕರ ಮುಂಗಡ' ಮಾತ್ರ. ಎರಡು ಕಣ್ಣುಗಳಲ್ಲಿ ಯಾವದನ್ನು ನಂಬಬೇಕು? ಕಟ್ಟಡ ಏಳುತ್ತಿರುವವರೆಗೆ ಎರಡನೆಯದನ್ನು ನಂಬಿದರೂ ನಡೆದೀತು, ನಿಂತ ದಿನ ಮೊದಲನೆಯದೇ ನಿಜವಾಗುತ್ತದೆ.

ರಸ್ತೆ ಕಟ್ಟಿ ಸುಂಕ ಎತ್ತುವ ಘಟಕಗಳ ಬಗೆಗೆ ಹೆಚ್ಚು ಹೇಳಬೇಕಾಗಿಲ್ಲ. ನರೇಂದ್ರದಿಂದ ಗಬ್ಬೂರಿನವರೆಗಿನ ಹುಬ್ಬಳ್ಳಿ–ಧಾರವಾಡ ಬೈಪಾಸಿನ ಸುಂಕದ ಕಟ್ಟೆಯನ್ನು ದಾಟದ ಧಾರವಾಡಿಗರಿಲ್ಲ. ಕಟ್ಟಿ, ನಡೆಯಿಸಿ, ಒಪ್ಪಿಸುವ ಇಂಥ ಕರಾರುಗಳಲ್ಲಿ ಆದಾಯಕ್ಕೆ ಕೊನೆಯ ದಿನವೊಂದು ಮೊದಲೇ ಗೊತ್ತಾಗಿರುತ್ತದೆ. ಆದ್ದರಿಂದ ಸಾಲದ ಕೊನೆಯ ಕಂತು ಕರಾರಿನ ಕೊನೆಯ ದಿನಕ್ಕಿಂತ ಎಷ್ಟು ಮುಂಚಿತವಾಗಿದೆ ಎಂಬದೊಂದನ್ನು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಆ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದ್ದರೆ ಕಂತುಗಳನ್ನು ಮುಂದೂಡಲಾಗುತ್ತಿದೆಯೆಂದೇ ಅರ್ಥ, ವರದಿಯು ಅದನ್ನು ಯಾವ ಹೆಸರಿನಿಂದ ಕರೆದರೂ ಸರಿ.

ನಮ್ಮ ಪಠ್ಯಪುಸ್ತಕಗಳು ಈ ವಿಷಯಕ್ಕೆ ಒಂದೇ ಒಂದು ಪ್ರಮಾಣವನ್ನು ಕಲಿಸಿ ಕೈತೊಳೆದುಕೊಳ್ಳುತ್ತವೆ. ಸಾಲಸೇವಾ ಪ್ರಮಾಣವೆಂದರೆ ಕಂತು ಮತ್ತು ಬಡ್ಡಿಗಳಿಗೆ ಆದಾಯವು ಎಷ್ಟು ಪಟ್ಟು ಇದೆ ಎಂಬ ಲೆಕ್ಕ. ಕಂಪನಿ ಕಾಯದೆಯ ಮೂರನೆಯ ಅನುಸೂಚಿಗೆ 2021ರಲ್ಲಿ ಬಂದ ತಿದ್ದುಪಡಿಯಿಂದ ಅದನ್ನು ಪ್ರಕಟಿಸುವದು ಕಡ್ಡಾಯವೂ ಆಗಿದೆ. ಇರಲಿ, ಒಳ್ಳೆಯದೇ. ಆದರೆ ಅದರ ಅಂಶದಲ್ಲಿರುವದು ಬಹುಮಟ್ಟಿಗೆ ಲೆಕ್ಕದ ಲಾಭ, ಕೈಗೆ ಬಂದ ನಗದಲ್ಲ. ಗುತ್ತಿಗೆದಾರ ಸಂಸ್ಥೆಯ ಲಾಭದಲ್ಲಿ ಇನ್ನೂ ಬಿಲ್ಲಾಗದ ಕೆಲಸವೂ ಸೇರಿರುತ್ತದೆ, ಕೆಲವೊಮ್ಮೆ ವಿವಾದದಲ್ಲಿರುವ ಹಕ್ಕೂ ಸೇರಿರುತ್ತದೆ. ಬಿಲ್ಲಾಗದ ಕೆಲಸದಿಂದ ಬ್ಯಾಂಕಿನ ಕಂತು ಕಟ್ಟಲಾಗದು. ಛೇದದಲ್ಲಿಯೋ, ಹೊಸ ಸಾಲದಿಂದ ತೀರಿಸಿದ ಕಂತುಗಳನ್ನು ಬಿಟ್ಟುಬಿಡುವ ಸ್ವಾತಂತ್ರ್ಯವನ್ನು ಕೆಲವು ಸಂಸ್ಥೆಗಳು ವಹಿಸಿಕೊಳ್ಳುತ್ತವೆ. ಆಸ್ತಿಯ ಬೆಲೆಗೆ ಸೇರಿಸಿದ ಬಡ್ಡಿಯ ವಿಷಯ ಇನ್ನೂ ಸೂಕ್ಷ್ಮ. ಕಟ್ಟುತ್ತಿರುವ ಆಸ್ತಿಗಾಗಿ ಎತ್ತಿದ ಸಾಲದ ಬಡ್ಡಿಯನ್ನು ವೆಚ್ಚವೆಂದು ಬರೆಯದೆ ಆಸ್ತಿಯ ಬೆಲೆಗೇ ಕೂಡಿಸಲು ಲೆಕ್ಕಪದ್ಧತಿಯಲ್ಲಿ ಅವಕಾಶವಿದೆ. ಲಾಭನಷ್ಟದ ಪಟ್ಟಿಯಲ್ಲಿ ಆ ಬಡ್ಡಿ ಕಾಣುವದಿಲ್ಲ. ಅದನ್ನು ಹುಡುಕಬೇಕಾದ ಸ್ಥಳ ನಗದು ಹರಿವಿನ ತಃಖ್ತೆಯಲ್ಲಿನ 'ಕೊಟ್ಟ ಬಡ್ಡಿ' ಎಂಬ ಸಾಲು. ಪರೀಕ್ಷೆಯಲ್ಲಿ ಪ್ರಮಾಣದ ಸೂತ್ರ ಬರೆದು ಅಂಕ ಪಡೆಯುವ ವಿದ್ಯಾರ್ಥಿಗೆ ಈ ಎರಡು ಬಡ್ಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಅಭ್ಯಾಸವಿಲ್ಲದಿರುವದು ಅವನ ತಪ್ಪಲ್ಲ. ಪ್ರಶ್ನಪತ್ರಿಕೆ ಬರೆಯುವ ನಮ್ಮಂಥವರು ಅದನ್ನು ಕೇಳುವದೇ ಇಲ್ಲ.

ಸಂಸ್ಥೆಯ ಮಾತನ್ನು ಹೊರಗಿನವರ ಮಾತಿನೊಡನೆ ತಾಳೆ ನೋಡುವ ಸೌಕರ್ಯಗಳು ಇತ್ತೀಚೆಗೆ ಹೆಚ್ಚಿವೆ. ಸಾಲ ಅಥವಾ ಬಡ್ಡಿ ತೀರಿಸುವಲ್ಲಿ ಸುಸ್ತಿಯಾಗಿದ್ದರೆ ಲೆಕ್ಕಪರಿಶೋಧಕನು ತನ್ನ ವರದಿಯಲ್ಲಿ ಅದನ್ನು ಹೇಳತಕ್ಕದ್ದು. ಬ್ಯಾಂಕಿನ ಸಾಲ 30 ದಿನ ಮೀರಿ ಕಟಬಾಕಿಯಾದರೆ ಶೇರುಪೇಟೆಗೆ ತಿಳಿಸಬೇಕೆಂಬ ಸೆಬಿಯ ನಿಯಮ 2020ರ ಜನವರಿಯಿಂದ ಜಾರಿಗೆ ಬಂದಿದೆ. ಪತ್ತಿನ ದರ್ಜೆ ಕೊಡುವ ಸಂಸ್ಥೆಗಳು ತಮ್ಮ ಕಾರಣಗಳನ್ನು ಪ್ರಕಟಿಸುತ್ತವೆ. ದರ್ಜೆಯ ಅಕ್ಷರಕ್ಕಿಂತ ಅದರ ಕೆಳಗಿನ ಎರಡು ಪುಟಗಳ ಗದ್ಯವೇ ಓದಲು ಯೋಗ್ಯ. 2020ರ ಮಾರ್ಚಿನಿಂದ ಆಗಸ್ಟಿನವರೆಗೆ ಕಂತುಗಳಿಗೆ ವಿರಾಮವಿದ್ದುದರಿಂದ ಆ ವರ್ಷದ ಅಂಕಿಗಳನ್ನು ಮಾತ್ರ ಯಾವ ಹೋಲಿಕೆಗೂ ಬಳಸಬಾರದು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಉಪಯುಕ್ತವಾಗಿ ಕಂಡದ್ದು ಬೋಜಾ ದಾಖಲೆ. ಉಪ್ಪಿನಬೆಟಗೇರಿಯ ಒಕ್ಕಲಿಗನು ಬ್ಯಾಂಕಿನ ಸಾಲ ಮುಟ್ಟಿದ ಮೇಲೆ ಪಹಣಿಯ ಋಣಗಳ ಕಾಲಮಿನಿಂದ ಬೋಜಾ ಕಡಿಮೆ ಮಾಡಿಸುವವರೆಗೆ ಸಾಲ ಮುಟ್ಟಿತೆಂದು ನಂಬುವದಿಲ್ಲ. ಕಂಪನಿಗಳಿಗೂ ಅಂಥದೇ ಪಹಣಿಯಿದೆ. 2013ರ ಕಂಪನಿ ಕಾಯದೆಯ 77ನೆಯ ಕಲಮಿನಂತೆ ಆಸ್ತಿಯ ಮೇಲಿನ ಪ್ರತಿಯೊಂದು ಬೋಜವನ್ನೂ ನೋಂದಾಯಿಸಬೇಕು. ಸಾಲ ತೀರಿದಾಗ 82ನೆಯ ಕಲಮಿನಂತೆ ಅದನ್ನು ತಿಳಿಸಿ ತೆಗೆಯಿಸಬೇಕು. ಅಲ್ಪ ಶುಲ್ಕ ಕೊಟ್ಟು ಯಾರು ಬೇಕಾದರೂ ಅದನ್ನು ನೋಡಬಹುದು. ವರದಿಯಲ್ಲಿ 'ತೀರಿಸಲಾಯಿತು' ಎಂದು ಬರೆದ ಸಾಲದ ಬೋಜಾ ಯಾವ ದಿನಾಂಕಕ್ಕೆ ಇಳಿದಿದೆ ಎಂಬದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ಅನಂತರ ಅದೇ ಆಸ್ತಿಯ ಎದುರಿಗೆ ಕಣ್ಣು ಹಾಯಿಸಬೇಕು. ಅದೇ ವಾರದಲ್ಲಿ ಅಷ್ಟೇ ಮೊತ್ತಕ್ಕೆ ಇನ್ನೊಂದು ಬ್ಯಾಂಕಿನ ಹೆಸರು ಅಲ್ಲಿ ಏರಿದ್ದರೆ, ಆ ವರ್ಷದ ಮರುಪಾವತಿಯ ಅಂಕಿಯಿಂದ ಅಷ್ಟನ್ನು ಕಳೆದು ಉಳಿದುದನ್ನು ಮಾತ್ರ ತನ್ನ ಟಿಪ್ಪಣಿಯಲ್ಲಿ ಬರೆದುಕೊಳ್ಳಬೇಕು.